ಬೆಕ್ಕು ಕಾಯುತ್ತಿದ್ದ ಬಾಗಿಲು

2011ರ ಆಗಸ್ಟ್ 13, ಶನಿವಾರ, ಬೆಳಿಗ್ಗೆ 9.10. ಅಬನಿ ಬಾಗ್ಚಿ ಎಂಬ ಮೇಷ್ಟರು ಏದುಸಿರು ಬಿಡುತ್ತ ಕಾಜಲದಿಘಿ ಠಾಣೆಗೆ ಬಂದರು.

"ಸಾರ್, ನನ್ನ ಮಗಳು ಶೆಫಾಲಿಯ ಅಂಗೈಗೆ ಬರೆ ಹಾಕಿದಾರೆ. ಅವಳ ಮೈಮೇಲೆ ಮೀನುದೆವ್ವ ಬಂದಿದೆಯಂತೆ. ಇವತ್ತು ಹನ್ನೆರಡಕ್ಕೆ ನಾಲಿಗೆಗೂ ಹಾಕ್ತಾರಂತೆ!"

ಕೊಳದ ದಂಡೆಯ ಬಿದಿರುಮೆಳೆಯಲ್ಲಿ ಕೂತು ಮೀನು ಕದಿಯುವ ಆ ದೆವ್ವದ ಕತೆ ಕೇಳದೆ ಬಂಗಾಳದಲ್ಲಿ ಯಾರು ಬೆಳೆದಿದ್ದಾರೆ? ಇನ್‌ಸ್ಪೆಕ್ಟರ್ ತಾಪಸ್ ಗುಛಾಯಿತ್ ಕೂಡ ಕೇಳಿದ್ದರು. ಆದರೆ ಎಫ್‌ಐಆರ್‌ನಲ್ಲಿ ದೆವ್ವಕ್ಕೆ ಜಾಗವಿಲ್ಲ. ಬರೆ ಹಾಕಿದವನೆಂದು ಮೇಷ್ಟರು ಹೇಳಿದ ಮಂತ್ರವಾದಿ ಖಗೇನನ ಹೆಸರು ಬರೆದುಕೊಂಡು, ಮಹಿಳಾ ಪೇದೆ ಲಕ್ಷ್ಮೀಮಣಿ ಹೆಂಬ್ರಮ್ ಜತೆ ಜೀಪು ಹತ್ತಿದರು.

10.40, ಶೆಫಾಲಿಯ ಗಂಡನ ಮನೆ. ಅಂಗಳದಲ್ಲಿ ಖಗೇನ ಆಗಲೇ ಕೆಂಡ ಊದುತ್ತಿದ್ದ. ಲಕ್ಷ್ಮೀಮಣಿ ಅದಕ್ಕೆ ಒಂದು ಕೊಡ ನೀರು ಸುರಿದು ಅವನ ರಟ್ಟೆ ಹಿಡಿದಳು.

"ನನ್ನನ್ಯಾಕಮ್ಮ ಹಿಡೀತೀಯ? ಕರೆಸಿದವರು ಇವರೇ!" ಎಂದು ಖಗೇನ ಕಿರುಚಿದ.

ಇನ್‌ಸ್ಪೆಕ್ಟರು ಗಂಡ ಸೌಮೇನನತ್ತ ತಿರುಗಿದರು. "ಏನಯ್ಯಾ ಇದು?"

"ಎರಡು ತಿಂಗಳಿಂದ ಹುರಿದಿಟ್ಟ ಮೀನು ಮಾಯ ಆಗ್ತಿದೆ ಸಾರ್."

"ಹೆಂಡತಿ ತಿಂದಿದ್ದು ಕಂಡವರು ಯಾರು?"

"ನಮ್ಮ ಸೋದರತ್ತೆ. ಕೊಳದ ಹತ್ತಿರ ಹಸಿ ಮೀನು ಕಚ್ತಾ ಇದ್ದಳಂತೆ. ಅತ್ತೆ ವಿಧವೆ ಸಾರ್, ಮೀನು ಮುಟ್ಟಿದವರ ನೆರಳು ಬಿದ್ದರೂ ಸ್ನಾನ ಮಾಡೋರು. ಅವರು ಸುಳ್ಳು ಹೇಳ್ತಾರಾ?"

ಮಾಯವಾದ ಮೀನಿನ ಸುಳಿವಿಗಾಗಿ ಇಡೀ ಮನೆ ಜಾಲಾಡಿದ್ದಾಯಿತು. ಉಳಿದದ್ದು, ಮೀನು ನಿಷಿದ್ಧವಾದ ವಿಧವೆಯರಿಗೆ ಇರುವಂತೆ ಸೋದರತ್ತೆ ನಿಭಾನನಿಗೂ ಇದ್ದ ಬೇರೆ ಅಡುಗೆಮನೆ. ಎಪ್ಪತ್ನಾಲ್ಕರ ಮುದುಕಿ ಹೊಸಿಲಿಗೆ ಅಡ್ಡ ನಿಂತಳು. "ವಿಧವೆಯ ಒಲೆ ಮೈಲಿಗೆ ಮಾಡಬೇಡಿ!"

ತಾಪಸ್ ಹಿಂದೆ ಸರಿದರು. ವಿಧವೆಯಾಗಿದ್ದ ಅವರ ಅಜ್ಜಿಯ ಒಲೆಯನ್ನೂ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಲಕ್ಷ್ಮೀಮಣಿ ಮಾತ್ರ ಹೊಸಿಲ ಪಕ್ಕ ನೋಡುತ್ತಿದ್ದಳು. ಅಲ್ಲೊಂದು ದಢೂತಿ ಬೆಕ್ಕು ಕಾದು ಕೂತಿತ್ತು.

"ಸಾರ್, ಬರೀ ಬೇಳೆ ಬೇಯೋ ಮನೆ ಮುಂದೆ ಬೆಕ್ಕಿಗೇನು ಕೆಲಸ?"

11.25. ಇಬ್ಬರು ಪಂಚರ ಎದುರು ಪಂಚನಾಮೆ: ಅಕ್ಕಿ ಗಡಿಗೆಯ ಹಿಂದೆ, ಬಾಳೆಲೆಯಲ್ಲಿ ಸುತ್ತಿದ ಮೀನಿನ ಮುಳ್ಳು, ಅರ್ಧ ತಿಂದ ಒಂದು ತಲೆ.

ಮುದುಕಿ ಕುಸಿದು ಕೂತಳು. "ಹದಿಮೂರಕ್ಕೆ ಗಂಡ ಸತ್ತ ಸ್ವಾಮಿ. ಅವತ್ತೇ ನನ್ನ ತಟ್ಟೆಯಿಂದ ಮೀನು ಎತ್ತಿಕೊಂಡರು. ಅರವತ್ತೊಂದು ವರ್ಷ ಪಕ್ಕದ ಒಲೆಯ ವಾಸನೆ ಕುಡಿದು ಬದುಕಿದೆ. ಈ ವಯಸ್ಸಲ್ಲಿ ತಡೀಲಿಲ್ಲ."

"ಆ ಹುಡುಗಿಯ ಕೈ ಸುಡುವಾಗ ಬಾಯಿಗೇನಾಗಿತ್ತು?" ಎಂದರು ತಾಪಸ್.

"ಬಾಯಿ ಬಿಟ್ಟಿದ್ದರೆ ನನ್ನನ್ನ ಬೀದಿಗೆ ತಳ್ತಿದ್ದರು."

12.05ಕ್ಕೆ ಖಗೇನ, ಸೌಮೇನ, ನಿಭಾನನಿ ಮೂವರ ಬಂಧನವಾಯಿತು. ಮುದುಕಿಯನ್ನು ಜೀಪಿಗೆ ಹತ್ತಿಸುವಾಗ ಶೆಫಾಲಿ ಕೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಉಗಿಯಲಿಕ್ಕೇ ಬಂದಳೆಂದು ಎಲ್ಲರೂ ಅಂದುಕೊಂಡರು.

"ಅತ್ತೆಮ್ಮ, ನನ್ನ ಕಿವೀಲಿ ಒಂದು ಮಾತು ಹೇಳಬಾರದಿತ್ತಾ? ನನ್ನ ಪಾಲಿನ ತುಂಡನ್ನೇ ಕೊಡ್ತಿದ್ದೆನಲ್ಲ."

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ನಿಭಾನನಿ, ಸೆರಗು ಬಾಯಿಗಿಟ್ಟುಕೊಂಡು ಗೊಳೋ ಎಂದು ಅತ್ತಳು.