ಹೆಬ್ಬೆರಳಿನ ಚಿಲಕ

ಕಡಲೆ ಗಿಡದ ಮೇಲೆ ಹುಳಿ ನಿಲ್ಲುವ ಕಾಲ. ಮುಂಜಾನೆ ಏಳು ಗಂಟೆಯಾಗಿರಬೇಕು, ಬಿಸಿಲು ಇನ್ನೂ ಮಾಳಿಗೆಯ ಅಂಚಿಗೆ ಬಂದಿರಲಿಲ್ಲ. ರಾತ್ರಿ ಹೊಲದಲ್ಲಿ ಗಿಡಗಳ ಮೇಲೆ ಹಾಸಿಟ್ಟು, ಇಬ್ಬನಿಗೆ ನೆನೆದ ಮೇಲೆ ತಂದ ಧೋತರವನ್ನು ಹಿಂಡಿ ಕಡಲೆ ಹುಳಿಯನ್ನು ಬಾಟಲಿಗೆ ತುಂಬುತ್ತಿದ್ದೆ. ಆಗ ಬಂತು ಆ ಗಾಡಿ.

ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಬಂದ ಮರದ ಮನೆ. ಎರಡು ಗಾಲಿ, ಗಿಡ್ಡ ಬಾಗಿಲು, ಎರಡು ಕಿಟಕಿ, ತುಕ್ಕು ತಿಂದ ತಗಡಿನ ಮಾಡು. ಈಗಿನವರು ಕ್ಯಾರವಾನ್ ಅನ್ನುತ್ತಾರಂತೆ. ನಮ್ಮ ಮನೆಯಲ್ಲಿ ಅದಕ್ಕೆ ಮನಿಗಾಡಿ ಅನ್ನುತ್ತಿದ್ದೆವು. ಅದನ್ನು ಕಟ್ಟಿದವನು ನಮ್ಮಪ್ಪ, ಗಜೇಂದ್ರಗಡದ ಬಡಿಗೇರ ಮಾನಪ್ಪ. ಐವತ್ತನಾಲ್ಕು ವರ್ಷವಾಗಿತ್ತು ನಾನದನ್ನು ನೋಡಿ.

ಬಾಟಲಿಗೆ ಬಿರಡೆ ಹಾಕಿ, ಗೋಡೆಗೆ ಆನಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡೆ.

ಟ್ರ್ಯಾಕ್ಟರಿನಿಂದ ಒಬ್ಬರು ಇಳಿದರು. ವಯಸ್ಸಾದವರು, ನನಗಿಂತ ಒಂದೆರಡು ವರ್ಷ ಹಿರಿಯರಿದ್ದಾರು. ಬಿಳಿ ಮೀಸೆ, ಕಿವಿಯ ಮೇಲೆ ಪೆನ್ಸಿಲು.

“ಗಾದಿ ಹೊಲಿಯೋ ಅಡಿವೆವ್ವ ಅಂದ್ರ ನೀವ ಏನ್ರಿ, ಅಕ್ಕಾರ?”

“ಹೌದ್ರಿ. ನೀವ್ಯಾರು?”

“ನರಗುಂದದಾಂವ್ರಿ, ಮುತ್ತಣ್ಣ ಅಂತ. ಬಸ್ ಡಿಪೋದಾಗ ಬಾಡಿ ಕೆಲಸ ಮಾಡಿ ರಿಟೈರ್ ಆಗೇನಿ. ಇದು ಗುಜರಿಯಾಗ ಬಿದ್ದಿತ್ತು, ತಗೊಂಡೆ. ನಿಮ್ಮ ಬಾಜೂಕಿನ ವೆಲ್ಡಿಂಗ್ ಅಂಗಡಿ ಮುಂದ ನಿಂದ್ರಿಸಿ ರಿಪೇರಿ ಮಾಡ್ತೀನಿ. ಒಳಗ ಗಾದಿ, ಪಡದೆ ನೀವು ಹೊಲದು ಕೊಡಬೇಕ್ರಿ.”

“ಒಳಗ ನೋಡ್ತೀನಿ, ತಡೀರಿ” ಅಂದೆ.

ಬಾಗಿಲಿಗೆ ಹೋಗಿ, ಚಿಲಕವನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿ ಮೇಲಕ್ಕೆತ್ತಿದೆ. ಬಾಗಿಲು ಸಪ್ಪಳವಿಲ್ಲದೆ ತೆರೆಯಿತು. ನನ್ನ ಹಿಂದೆ ಅವರು ಒಮ್ಮೆಲೇ ಸುಮ್ಮನಾದರು. ಯಾಕೆ ಸುಮ್ಮನಾದರು ಅನ್ನುವುದು ನನಗೆ ಅಂದು ತಿಳಿಯಲಿಲ್ಲ.

ಆಮೇಲೆ ಕೇಳಿದರು. “ಇದನ್ನ ಕಟ್ಟಿದ ಬಡಗಿನ್ನ ಹುಡಕಾಕತ್ತೀನ್ರಿ. ಮಾನಪ್ಪ ಅಂತ. ಅವರ ಮಂದಿ ರೋಣಕ್ಕ ಬಂದ್ರು ಅಂತ ಗಜೇಂದ್ರಗಡದಾಗ ಹೇಳಿದ್ರು. ನಿಮಗೇನರ ಗೊತ್ತೈತೇನ್ರಿ?”

“ಇಲ್ಲ. ಹುಡುಕಿ ಏನ ಮಾಡ್ತೀರಿ?”

“ಒಂದು ಮಾತು ಹೇಳೂದೈತ್ರಿ.”

ಐವತ್ತು ವರ್ಷದ ಮೇಲೆ ಒಬ್ಬ ಬಡಗಿಗೆ ಹೇಳುವಂಥ ಮಾತು ಒಳ್ಳೆಯದಿರಲಾರದು ಅಂದುಕೊಂಡೆ. ನನ್ನ ಬಾಯಿಗೆ ಅಂದೇ ಬೀಗ ಹಾಕಿದೆ.

ನಡೆದದ್ದು ಇಷ್ಟು. ಮಲಪ್ರಭೆಯ ಕಾಲುವೆಗಾಗಿ ನೆಲ ಅಳೆಯಲು ಒಬ್ಬ ಸಾಹೇಬರು ಬಂದಿದ್ದರು. ಊರಿಂದೂರಿಗೆ ಎಳೆದುಕೊಂಡು ಹೋಗಲು ಗಾಲಿಯ ಮನೆ ಬೇಕೆಂದರು. ಅಪ್ಪ ಕಟ್ಟಿಕೊಟ್ಟ. ಅಪ್ಪ ಯಾವ ಮನೆ ಕಟ್ಟಿದರೂ ಅದರ ಅಳತೆ ಆ ಮನೆಯ ಒಡತಿಯ ಗೇಣಿನದು. ಗೋಡೆಯೊಳಗೆ ಒಂದು ಕಳ್ಳಖಾನೆ ಮಾಡಿ, ಅದು ಎಲ್ಲಿದೆ ಎಂದು ಒಡತಿಗೆ ಮಾತ್ರ ಹೇಳುತ್ತಿದ್ದ. ಖಾನೆಯ ಬಾಯಿಗೆ ಅಡ್ಡಲಾಗಿ ಅರಿಷಿಣದ ಬೇರು ಕಟ್ಟಿದ ದಾರ. ಮನೆ ತುಂಬಿದ ದಿನ ಒಡತಿ ಅದನ್ನು ಹರಿಯಬೇಕು.

ಸಾಹೇಬರಿಗೆ ಮದುವೆಯಾಗಿರಲಿಲ್ಲ. ಅಪ್ಪ ನಮ್ಮವ್ವ ಬಾಳವ್ವನ ಗೇಣು ತೆಗೆದುಕೊಂಡ.

ಗಾಡಿ ಸಿದ್ಧವಾದ ವಾರದಲ್ಲೇ ಸಾಹೇಬರ ಹಿತ್ತಾಳೆಯ ಕಂಪಾಸ್ ಕಾಣೆಯಾಯಿತು, ದಿಕ್ಕು ತೋರಿಸುವಂಥದ್ದು. ಸ್ಟೋರ್ ನೋಡಿಕೊಳ್ಳುವ ಅಂದಾನೆಪ್ಪ ಎನ್ನುವವರು, ಈ ಬಡಗಿ ಗೋಡೆಯೊಳಗೆ ಎಲ್ಲೋ ಕಳ್ಳಖಾನೆ ಮಾಡುತ್ತಾನೆಂದು ಕೇಳಿದ್ದೇನೆ, ಅದರಲ್ಲೇ ಬಚ್ಚಿಟ್ಟಿದ್ದಾನೆ ಎಂದರು. ಅಪ್ಪನನ್ನು ಬಜಾರದಲ್ಲಿ ಕುಕ್ಕರುಗಾಲಿನಲ್ಲಿ ಕೂಡಿಸಿ ಕೇಳಿದರು. “ಖಾನಿ ಎಲ್ಲೈತಿ ಅಂತ ಮನಿ ಒಡತಿಗೆ ಹೇಳ್ತೀನ್ರಿ. ಬ್ಯಾರೇದವ್ರಿಗಲ್ಲ” ಎಂದ ಅಪ್ಪ. ಅಷ್ಟೇ ಮಾತು. ಇಲ್ಲದ ಒಡತಿಗಾಗಿ ಸುಮ್ಮನಿದ್ದವನನ್ನು ಎಲ್ಲರೂ ಕಳ್ಳನೆಂದೇ ತಿಳಿದರು. ಸಾಹೇಬರು ಹೊಸ ಗಾಡಿ ಒಡೆಸಲು ಒಪ್ಪದೆ ಬಿಟ್ಟುಬಿಡಿ ಅಂದರು.

ಅಂದು ಸಂಜೆ ರೊಟ್ಟಿ ಬಡಿಯುತ್ತ ಅವ್ವ ಕೇಳಿದಳು. “ಖರೇನ ಅದರಾಗ ಇಟ್ಟೀಯೇನು?”

ಅಪ್ಪ ತಾಟು ಸರಿಸಿ ಎದ್ದ. ಮರುದಿನ ಶುಕ್ರವಾರ. ಬೆಳಕು ಹರಿಯುವುದರೊಳಗೆ ಉಳಿಯ ಚೀಲ ಹೆಗಲಿಗೆ ಹಾಕಿಕೊಂಡು ಹೋದವನು ತಿರುಗಿ ಬರಲಿಲ್ಲ. ನನಗೆ ಹನ್ನೆರಡು ವರ್ಷ. ಅವ್ವ ನನ್ನನ್ನು ಕರೆದುಕೊಂಡು ತವರಿಗೆ, ಈ ರೋಣಕ್ಕೆ, ಬಂದಳು. ಅಳತೆಗೆ ಕೈ ಇಟ್ಟವಳು ಅವಳೇ ಆದ್ದರಿಂದ ಖಾನೆಯ ಜಾಗ ಅವಳಿಗೆ ಗೊತ್ತಿತ್ತು. ಸಾಯುವ ಮುಂದೆ ಹೇಳಿದಳು, “ಬಾಗಲದಿಂದ ಏಳು ಗೇಣು, ನೆಲದಿಂದ ಮೂರು.” ಆ ಖಾನೆಯಲ್ಲಿ ಏನಿದೆಯೋ ಅವಳಿಗೂ ತಿಳಿದಿರಲಿಲ್ಲ.

ಈಗ ಅದು ನನ್ನ ಅಂಗಳದ ಬಾಜೂಕೆ ನಿಂತಿತ್ತು. ತೆರೆದರೆ ಅಪ್ಪ ಕಳ್ಳನೋ ಅಲ್ಲವೋ ತಿಳಿಯುತ್ತದೆ. ಅದಕ್ಕೇ ನಾನು ತೆರೆಯಲಿಲ್ಲ.

ಹೆಂಡತಿ ತೀರಿದ ಮೇಲೆ ಒಬ್ಬರೇ ಇದ್ದ ಮುತ್ತಣ್ಣನವರು ದಿನಾ ನರಗುಂದದ ಬಸ್ಸಿಗೆ ಬರುತ್ತಿದ್ದರು. ಹಳೆಯ ಬಣ್ಣವನ್ನು ಕೆರೆದು ತೆಗೆಯುವಾಗ ಗಾಡಿಗೆ ನೋವಾದೀತೇನೋ ಎನ್ನುವಂತೆ ಕೈ ಆಡಿಸುತ್ತಿದ್ದರು. ಎರಡನೆಯ ದಿನ ನಾನು ಚಹಾ ಕೊಟ್ಟೆ. ಅವರ ಬಾಯಿಂದ ಮಾತು ತೆಗೆಯಬೇಕೆಂದು ಕೊಟ್ಟದ್ದು, ಸುಳ್ಳು ಯಾಕೆ ಹೇಳಲಿ. ಎಂಟನೆಯ ದಿನ ಸಕ್ಕರೆ ಜಾಸ್ತಿ ಹಾಕಿದೆ. ಅದಕ್ಕೆ ಕಾರಣ ಬೇರೆ.

ನೆರೆಮನೆಯ ಖಾಜಾಬಿಗೆ ಕಣ್ಣು ಚುರುಕು. “ಏನವ್ವಾ ಅಡಿವೆವ್ವ, ಯಾಲಕ್ಕಿ ವಾಸನಿ ನಮ್ಮನಿತನಕ ಬರಾಕತ್ತೈತಿ?”

“ಗಿರಾಕಿ ಅವ್ರು. ಹೆಸರಿನ್ಯಾಗ ಅಣ್ಣ ಐತಿ, ಕೇಳಿಲ್ಲೇನು?”

“ಹೆಸರಿನ್ಯಾಗ ಐತೆವ್ವಾ. ಮಕದ ಮ್ಯಾಲೆ ಕಾಣವಲ್ದು!”

ಒಂದು ಮಧ್ಯಾಹ್ನ ಗಾದಿಯ ಅಳತೆಗೆ ಒಳಗೆ ಹೋಗಿದ್ದೆ. ಮುತ್ತಣ್ಣನವರು ಟೇಪು ಹಿಡಿದು ತಲೆ ಕೆರೆಯುತ್ತಿದ್ದರು.

“ನೋಡ್ರಿ ಅಕ್ಕಾರ, ಇದು ಫೂಟಿಗೂ ಕೂಡವಲ್ದು, ಮೀಟರಿಗೂ ಕೂಡವಲ್ದು. ಯಾರದೋ ಗೇಣು. ನನ್ನ ಗೇಣು ದೊಡ್ಡದಾಗತೈತಿ. ಹೆಣ್ಮಗಳದ್ದು ಇದು. ನಿಮ್ಮ ಕೈ ಇಡ್ರಿ ಒಂದೀಟು.”

“ನನ್ನ ಕೈ ಯಾಕ್ರಿ? ರೋಣದಾಗ ಹೆಣಮಕ್ಕಳಿಗೆ ಬರಗಾಲೇನು?”

“ಗಾಡಿ ಒಳಗ ನೀವೊಬ್ರ ಅದೀರಿ.”

ಕೊಡಬಾರದಿತ್ತು. ಇಟ್ಟೆ. ನನ್ನ ಕೈ ಅವ್ವನ ಕೈಯ ಅಚ್ಚು ಎಂದು ಎಲ್ಲರೂ ಅನ್ನುತ್ತಿದ್ದರು. ಮಲಗುವ ಹಲಗೆಯ ಮೇಲೆ ಬೆರಳು ಅಗಲಿಸಿ ಅಳೆಯುತ್ತ ಹೋದೆ. ಒಂದೊಂದು ಗೇಣು ಮುಗಿದಲ್ಲಿ ಅವರು ಪೆನ್ಸಿಲಿನಿಂದ ಗೆರೆ ಎಳೆದರು. ಆರನೆಯ ಗೆರೆಗೆ ಪೆನ್ಸಿಲು ನನ್ನ ಕಿರುಬೆರಳಿಗೆ ತಾಗಿತು. ಅವರು ತೆಗೆಯಲಿಲ್ಲ. ನಾನೂ ಸರಿಯಲಿಲ್ಲ. ಹೊರಗೆ ವೆಲ್ಡಿಂಗ್ ಸಪ್ಪಳ ನಿಂತಾಗ ಇಬ್ಬರಿಗೂ ಎಚ್ಚರವಾಯಿತು.

ಒಂಬತ್ತು ಗೇಣು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

“ಬರೋಬ್ಬರಿ ಕೂಡ್ತು ನೋಡ್ರಿ, ಅಡಿವೆವ್ವಾರ” ಎಂದರು. ಅಕ್ಕಾರ ಅನ್ನುವುದು ಆ ದಿನದಿಂದ ಬಿಟ್ಟುಹೋಯಿತು. ನಾನದನ್ನು ಕೇಳಿಸಿಕೊಂಡೂ ಕೇಳದವಳ ಹಾಗೆ ದಾರ ಪೋಣಿಸಿದೆ. ಸೂಜಿಯ ಕಣ್ಣು ಮೂರು ಸಲ ತಪ್ಪಿತು.

ಗಂಡ ತೀರಿ ಹತ್ತೊಂಬತ್ತು ವರ್ಷವಾದ ಹೆಂಗಸಿಗೆ ಇದೇನು ಹುಚ್ಚು ಎಂದು ನನ್ನನ್ನೇ ಬೈದುಕೊಂಡೆ. ಅವರಿಗೆ ನನ್ನ ಗುರುತು ಸಿಕ್ಕಿದೆಯೇ? ಅದಕ್ಕೇ ಕೈ ಕೇಳಿದರೇ? ಪ್ರೀತಿಯೂ ಸಂಶಯವೂ ಒಂದೇ ಒಲೆಯಲ್ಲಿ ಉರಿಯುತ್ತಿದ್ದವು.

ಅದಾದ ನಾಲ್ಕನೆಯ ದಿನ. ಅವರು ಮಾಡಿನ ಮೇಲೆ ಕೂತು ಹೊಸ ತಗಡು ಕೂಡಿಸುತ್ತಿದ್ದರು.

“ಅಡಿವೆವ್ವಾರ, ನನ್ನ ಚೀಲದಾಗ ಸ್ಕ್ರೂ ಡಬ್ಬಿ ಐತಿ, ಕೊಡ್ರಿ ಒಂದೀಟು!”

ಚೀಲದಲ್ಲಿ ಕೈ ಹಾಕಿದೆ. ಭಾರವಾದ ಒಂದು ಗಂಟು ಸಿಕ್ಕಿತು. ಬಟ್ಟೆ ಸರಿಯಿತು. ಹಿತ್ತಾಳೆ. ಗಾಜಿನ ಕೆಳಗೆ ಮುಳ್ಳು ನಡುಗುತ್ತಿತ್ತು.

ಡಬ್ಬಿ ಕೊಟ್ಟೆ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಎಲ್ಲ ಹೊಂದಿಕೊಂಡಿತು. ಬಣ್ಣ ಕೆರೆಯುವಾಗ ಇವರಿಗೆ ಖಾನೆ ಸಿಕ್ಕಿದೆ. ಕಂಪಾಸು ಅದರಲ್ಲೇ ಇತ್ತು. ಅಂದರೆ ಅಪ್ಪ ಕಳ್ಳ. ಇವರು ಅದನ್ನು ತೆಗೆದು ನನ್ನಿಂದ ಮುಚ್ಚಿಟ್ಟು, ನನ್ನ ಯಾಲಕ್ಕಿ ಚಹಾ ಕುಡಿಯುತ್ತ ಕೂತಿದ್ದಾರೆ.

ಎರಡು ದಿನ ಹೊರಗೆ ಬರಲಿಲ್ಲ. “ಅಡಿವೆವ್ವಾರಿಗೆ ಆರಾಮಿಲ್ಲೇನ್ರಿ? ದವಾಖಾನಿಗೆ ಕರಕೊಂಡು ಹೋಗೂಣೇನ್ರಿ?” ಎಂದು ಅವರು ಖಾಜಾಬಿಯನ್ನು ಕೇಳುವುದು ಗೋಡೆಯಾಚೆಯಿಂದ ಕೇಳಿಸಿತು. ಆ ದನಿಯಲ್ಲಿ ಕಳ್ಳತನ ಹುಡುಕಿದೆ. ಸಿಗದಿದ್ದಕ್ಕೆ ಇನ್ನೂ ಸಿಟ್ಟು ಬಂತು. ಅವ್ವನ ನೆನಪಾಯಿತು. ಅವಳು ಒಂದೇ ಮಾತು ಕೇಳಿದ್ದಳು, ಉತ್ತರಕ್ಕೆ ಕಾಯದೆ ರೊಟ್ಟಿ ಬಡಿದಿದ್ದಳು. ನಾನು ಕೇಳುತ್ತೇನೆ, ಉತ್ತರ ಸಿಗುವವರೆಗೂ ನಿಲ್ಲುತ್ತೇನೆ ಎಂದು ಮೂರನೆಯ ಮುಂಜಾನೆ ಗಾಡಿಗೆ ಹೋದೆ.

“ಒಳಗ ಬರ್ರಿ” ಎಂದೆ ಅವರಿಗೆ.

ಬಾಗಿಲ ಚೌಕಟ್ಟಿನಿಂದ ಗೋಡೆಗುಂಟ ಏಳು ಗೇಣು. ನೆಲದಿಂದ ಮೂರು. ಅಲ್ಲಿ ಹೆಬ್ಬೆರಳು ಒತ್ತಿದೆ.

“ಇದರಾಗಿಂದ ಯಾವಾಗ ತಗದ್ರಿ ಅದನ್ನ?”

“ಯಾವದರಾಗಿಂದ್ರಿ?” ಅವರ ಮುಖ ನೋಡಿದೆ. ಖರೇನೇ ತಿಳಿದಿರಲಿಲ್ಲ.

ಹಲಗೆ ಬಿಗಿದಿತ್ತು. ಎರಡೂ ಕೈಯಿಂದ ಒತ್ತಿದಾಗ ಕಿರ್ರೆಂದು ಸರಿಯಿತು. ಹಳೆಯ ಸಾಗವಾನಿಯ ವಾಸನೆ ಬಂತು. ಖಾನೆಯ ಬಾಯಿಗೆ ಅಡ್ಡಲಾಗಿ ದಾರ. ನಡುವೆ ಒಣಗಿ ಕಲ್ಲಾದ ಅರಿಷಿಣದ ಬೇರು. ಹಿಂದೆ ಏನೂ ಇಲ್ಲ. ದಾರ ಹರಿದಿರಲಿಲ್ಲ, ಗಂಟು ಅಪ್ಪನದೇ. ಅದನ್ನು ಹರಿಯದೆ ಒಂದು ಅಡಿಕೆಯನ್ನೂ ಒಳಗಿಡಲು ಬರುತ್ತಿರಲಿಲ್ಲ.

ನಾನು ಅಲ್ಲೇ ನೆಲಕ್ಕೆ ಕೂತೆ. “ಇಟ್ಟಿಲ್ಲ” ಎಂದೆ. “ನಮ್ಮಪ್ಪ ಇಟ್ಟಿಲ್ಲ.”

ಮುತ್ತಣ್ಣನವರೂ ಎದುರಿಗೆ ಕೂತರು. ಚೀಲ ಎಳೆದುಕೊಂಡು ಗಂಟು ಬಿಚ್ಚಿ ಕಂಪಾಸನ್ನು ನಮ್ಮಿಬ್ಬರ ನಡುವೆ ಇಟ್ಟರು.

“ಇದು ನಮ್ಮಪ್ಪನ ಟ್ರಂಕಿನ್ಯಾಗ ಇತ್ರಿ. ಸ್ಟೋರ್ ಕೀಪರ್ ಅಂದಾನೆಪ್ಪನ ಮಗಾ ನಾನು. ಅಪ್ಪ ತೀರಿದ ಮ್ಯಾಲೆ ಸಿಕ್ತು. ಅವತ್ತಿನಿಂದ ನಿಮ್ಮಪ್ಪಾರನ್ನ ಹುಡಕಾಕತ್ತೀನಿ.”

“ನಮ್ಮಪ್ಪ ಅಂತ ಯಾವಾಗ ಗೊತ್ತಾತು?”

“ಮೊದಲನೇ ದಿನಾನ. ಆ ಚಿಲಕ ತಗ್ಯಾಕ ನಂಗ ಮೂರು ದಿನ ಹಿಡದಿತ್ರಿ. ನೀವು ಬಂದಾವ್ರ ಹೆಬ್ಬೆರಳಲೆ ಎತ್ತಿದ್ರಿ.”

“ಮತ್ತ ಅವತ್ತ ಯಾಕ ಹೇಳಲಿಲ್ಲ?”

ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದು ಬೆರಳಲ್ಲಿ ತಿರುಗಿಸಿದರು. “ಮೊದಲನೇ ದಿನ ಧೈರ್ಯ ಸಾಲಲಿಲ್ಲ. ಎರಡನೇ ದಿನ ನೀವು ಚಾ ಕೊಟ್ರಿ. ಹೇಳಿದ್ರ ಚಾ ನಿಂತು ಹೋಗತೈತಿ ಅನಿಸ್ತು. ಆಮ್ಯಾಲೆ ಚಾಕ್ಕಿಂತ ಹೆಚ್ಚಿಂದು ಏನೋ ಕೈಬಿಟ್ಟು ಹೋಗತೈತಿ ಅನಿಸ್ತು, ಅಡಿವೆವ್ವಾರ. ತಪ್ಪಾತು.”

ಸಿಟ್ಟು ಇಳಿಯಲಿಲ್ಲ. ಇಳಿಯಬಾರದು ಕೂಡ. ಆದರೆ ಮುಚ್ಚಿಡದೆ ಎದುರಿಗೆ ಕೂತ ಮನುಷ್ಯನನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ.

“ನನ್ನ ಮುಂದ ಹೇಳಿದ್ರ ಮುಗೀಲಿಲ್ಲ. ಗಜೇಂದ್ರಗಡದ ಬಜಾರದಾಗ ಹೇಳ್ರಿ. ನಮ್ಮಪ್ಪ ಕುಂತಲ್ಲಿ.”

“ನಡೀರಿ” ಎಂದು ಅವರು ಎದ್ದೇಬಿಟ್ಟರು.

ಅಂದೇ ಬಸ್ಸಿಗೆ ಹೋದೆವು. ಬಜಾರದಲ್ಲಿ ಆ ಕಾಲದವರು ಮೂರು ನಾಲ್ಕು ಜನ ಉಳಿದಿದ್ದರು. ಬೇರೆಯವರು ಏನೆಂದು ನೋಡಲು ಕೂಡಿದರು. ಮುತ್ತಣ್ಣನವರು ಪ್ಯಾಂಟು ಮೊಣಕಾಲಿಗೆ ಎಳೆದುಕೊಂಡು ಕುಕ್ಕರುಗಾಲಿನಲ್ಲಿ ಕೂತು, ಕಂಪಾಸನ್ನು ಎತ್ತಿ ಹಿಡಿದು, ತಮ್ಮಪ್ಪನ ಹೆಸರು ಹೇಳಿ, ನಮ್ಮಪ್ಪನ ಹೆಸರು ಹೇಳಿ, ನಡೆದದ್ದನ್ನೆಲ್ಲ ಹೇಳಿದರು. ಹೇಳಿ ಮುಗಿದ ಮೇಲೆ ಏಳಲು ಮೊಣಕಾಲು ಒಪ್ಪಲಿಲ್ಲ. ಎಲ್ಲರೂ ನೋಡುತ್ತಿದ್ದರು. ನಾನು ಕೈ ಕೊಟ್ಟೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದರು. “ಅಂಥಾದ್ದ ಚಿಲಕ ಮೊನ್ನೆ ಇನ್ನೊಂದು ಕಡೆ ನೋಡೇನ್ರಿ. ನಮ್ಮ ನರಗುಂದದ ಬಾಜೂಕ ಶಿರೋಳದಾಗ, ನಾಕು ಮನಿ ಬಾಗಲಕ್ಕ. ಮುದುಕವ್ವ ಅನ್ನಾಕಿ ಹೇಳಿದ್ಲು, ಹೆಸರು ಹೇಳದ ಬಡಗಿ ಒಬ್ಬ ಹನ್ನೊಂದು ವರ್ಷ ಇದ್ದ, ಅಲ್ಲೇ ತೀರಿದ ಅಂತ. ಆಕಿ ಮನಿಯಾಗೂ ಕಳ್ಳಖಾನಿ ಐತೆಂತ. ಎಲ್ಲೈತವ್ವಾ ಅಂದ್ರ, ಹಲ್ಲಿಲ್ಲದ ಬಾಯಿ ತಗದು ನಕ್ಳು. ನೋಡಾಕ ಬರ್ತೀರೇನು?”

ಕಿಟಕಿಯ ಆಚೆ ಜೋಳ ತಲೆದೂಗುತ್ತಿತ್ತು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಅಪ್ಪ ಉಳಿ ಬಿಟ್ಟಿರಲಿಲ್ಲ.

ಗಾದಿ ಮುಗಿಯಿತು. ಪಡದೆ ಮುಗಿಯಿತು. ಗಾಡಿಗೆ ಹಸಿರು ಬಣ್ಣ ಬಂತು. ಹೊರಡುವ ಮುಂಜಾನೆ ಮುತ್ತಣ್ಣನವರು ಖಾನೆಯ ಮುಂದೆ ನಿಂತು, ನನ್ನ ಕಡೆ ನೋಡದೆ ಹೇಳಿದರು.

“ಎಲ್ಲಾ ಆತ್ರಿ. ದಾರ ಅಷ್ಟ ಉಳೀತು. ಈ ಗಾಡಿಗೆ ಒಡತಿ ಇನ್ನೂ ಬಂದಿಲ್ಲ.”

“ಯಾರನ್ನರ ನೋಡೀರೇನು?”

“ನೋಡೇನ್ರಿ. ಗೇಣು ಬರೋಬ್ಬರಿ ಕೂಡತೈತಿ. ಆದ್ರ ಆಕಿ ಭಾಳ ಸಂಶೇದಾಕಿ.”

ಕೈ ಚಾಚಿ ದಾರ ಹರಿದೆ. ಅರಿಷಿಣದ ಬೇರು ನನ್ನ ಅಂಗೈಗೆ ಬಿತ್ತು. ಅದನ್ನು ಅವರ ಅಂಗಿಯ ಕಿಸೆಗೆ ಹಾಕಿ, “ಇನ್ನ ಸಂಶೆ ಬಂದ್ರ ಮಕದ ಮುಂದ ಕೇಳ್ತೀನಿ. ತಯಾರ ಇರ್ರಿ” ಎಂದೆ.

ಟ್ರ್ಯಾಕ್ಟರು ಸುರುವಾದಾಗ ಖಾಜಾಬಿ ಓಡಿಬಂದಳು. “ಏ ಅಡಿವೆವ್ವಾ, ಶುಕ್ರವಾರ ಹೆಣ್ಮಗಳ್ನ ಮನಿಯಿಂದ ಕಳಸ್ತಾರೇನ?”

“ಕಳಸಾವ್ರು ಯಾರವ್ವಾ? ನಾನ ಹೊಂಟೀನಿ.”

ನಮ್ಮಪ್ಪ ಒಬ್ಬನೇ ಗಜೇಂದ್ರಗಡ ಬಿಟ್ಟದ್ದು ಶುಕ್ರವಾರ. ಅವನು ಕಟ್ಟಿದ ಮನೆಯಲ್ಲಿ ಕೂತು, ಅವನ ಬಾಗಿಲುಗಳನ್ನು ನೋಡಲು, ನಾನೂ ಮುತ್ತಣ್ಣನವರೂ ರೋಣ ಬಿಟ್ಟದ್ದೂ ಶುಕ್ರವಾರವೇ.