ಬೇರಿನಲ್ಲಿ ಎರಡು ತಿರುವು

"ಕೆಳಗಿಡಿ ಅದನ್ನ!"

ಅವಳ ಕೂಗಿಗೆ ಮಾಸ್ಟ್ರು ಬೆಚ್ಚಿಬಿದ್ದ. ಪ್ರಯೋಗಾಲಯದ ಮೈಕ್ರೋಸ್ಕೋಪು ನೋಡಿಕೊಳ್ಳುವ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಬುಧವಾರ, ಬೆಳಗ್ಗೆ ಹತ್ತು ಗಂಟೆ. ಅವನ ಕೈಯಲ್ಲಿ ಅವಳ ಸಸಿಗಳ ತಟ್ಟೆ!

ಸಂಶೋಧನಾ ವಿದ್ಯಾರ್ಥಿನಿಯಾದ ಅವಳ ಮೂರು ವರ್ಷದ ದುಡಿಮೆ ಅದು. ಕೋಶದ ಪೊರೆಯಲ್ಲಿರುವ ಒಂದು ಬಗೆಯ ಕೊಬ್ಬು, ಯಾವ ಕಡೆ ಬೆಳೆಯಬೇಕೆಂದು ಬೇರಿನ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಆ ಕೊಬ್ಬು ಹೊಳೆಯುವಂತೆ ಮಾಡಿ, ಅದರ ಜಾಡು ಹಿಡಿಯುವುದು ಅವಳ ಕೆಲಸ. ಅದಕ್ಕೆ ಬೇರು ನೆಟ್ಟಗೆ ಇಳಿಯಬೇಕು. ತಟ್ಟೆ ಕಪಾಟಿನ ಸ್ಟ್ಯಾಂಡಿನಲ್ಲಿ ಒಂದೇ ಮಗ್ಗುಲಿಗೆ ನಿಂತಿರಬೇಕು; ಮಗ್ಗುಲು ಬದಲಾದರೆ ಬೇರು ನೆಲದ ಕಡೆಗೆ ತಿರುಗಿಬಿಡುತ್ತದೆ.

ಈಗ ಬೇರುಗಳೆಲ್ಲ ಮೊಣಕೈಯಂತೆ ಬಾಗಿದ್ದವು.

"ಏನ್ ಮಾಡಿದ್ರಿ?"

"ಸರಿ ಮಾಡ್ತಿದ್ದೆ..."

"ಓಹೋ! ಕೆಡಿಸೋದೂ ನೀವೇ, ಸರಿ ಮಾಡೋದೂ ನೀವೇ!"

ಅವನು ತಲೆ ತಗ್ಗಿಸಿದ. ಅದೇ ಅವಳ ಅನುಮಾನದ ಬೆಂಕಿಗೆ ತುಪ್ಪ ಸುರಿಯಿತು. ದಿನಾ ಇದೇ ಹೊತ್ತಿಗೆ ನನ್ನ ಕಪಾಟಿನ ಹತ್ತಿರ ಇವನಿಗೇನು ಕೆಲಸ? ಯಾರು ಕಳಿಸಿದ್ದಾರೆ ಇವನನ್ನ?

ನೇರ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬಳಿ ಹೋದಳು.

"ನಾಳೆ ಸಂಜೆ ಅವನ ಕೆಲಸದ ಅವಧಿ ಮುಗಿಯುತ್ತೆ," ಎಂದರು ಮೇಡಂ. "ನಿನ್ನ ಮಾತಿನ ಮೇಲೆ ಮನೆಗೆ ಕಳಿಸ್ತೀನಿ. ಖಾತ್ರಿನಾ ಮಗು?"

"ಕಣ್ಣಾರೆ ನೋಡಿದೀನಿ ಮೇಡಂ!"

ಗುರುವಾರ ಹತ್ತಕ್ಕೆ, ಸಾಕ್ಷಿಗೆಂದು ಒಂದು ಬೇರನ್ನು ಮೈಕ್ರೋಸ್ಕೋಪಿನಡಿ ಇಟ್ಟಳು. ತುದಿಯಲ್ಲಿ ಹಸಿರು ಹೊಳಪು.

ಅಯ್ಯೋ... ಒಂದಲ್ಲ, ಎರಡು ತಿರುವು!

ತುದಿಯಿಂದ ಮೊದಲ ತಿರುವಿಗೆ ಆರು ಮಿಲಿಮೀಟರು. ಈ ಬೇರು ದಿನಕ್ಕೆ ಬೆಳೆಯುವುದೇ ಅಷ್ಟು. ಅಂದರೆ ನಿನ್ನೆ ಹತ್ತು ಗಂಟೆ, ಅವನು ತಟ್ಟೆ ಹಿಡಿದಿದ್ದ ಹೊತ್ತು. ಅಲ್ಲಿಂದ ಹಿಂದಿನ ತಿರುವಿಗೆ ಮತ್ತೆ ಆರು. ಮಂಗಳವಾರ ಹತ್ತು ಗಂಟೆ...

ಆಗಲೇ ಅಣ್ಣನ ಫೋನು ಬಂದಿದ್ದು, 'ಅಪ್ಪಂಗೆ ಎದೆನೋವು' ಅಂತ. ಕೈಯಲ್ಲಿದ್ದ ತಟ್ಟೆಯನ್ನು ಹೇಗೋ ಸ್ಟ್ಯಾಂಡಿಗೆ ತುರುಕಿ ಓಡಿದ್ದಳು. ಮಗ್ಗುಲು ತಪ್ಪಿಸಿದ್ದು ಅವಳೇ! ಅವನು ನಿಜಕ್ಕೂ ಸರಿ ಮಾಡುತ್ತಿದ್ದ!

ಓಡಿಹೋಗಿ ಮೇಡಂಗೆ ಎಲ್ಲ ಒಪ್ಪಿಸಿದಳು. "ಬೈಗುಳ ಆಮೇಲೆ," ಎಂದು ಮೇಡಂ ಅವನ ಅವಧಿ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಿದರು.

ಅವನು ತನ್ನ ಮೇಜಿನ ಲೋಟ, ಛತ್ರಿ ಚೀಲಕ್ಕೆ ತುಂಬುತ್ತಿದ್ದ.

"ಗೊತ್ತಿತ್ತಲ್ವಾ? ಯಾಕೆ ಬಾಯಿ ಬಿಡ್ಲಿಲ್ಲ?"

"ಮಂಗಳವಾರ ನೀವು ಅತ್ಕೊಂಡು ಓಡಿದ್ದು ನೋಡಿದ್ದೆ. ಆ ಹೊತ್ತಲ್ಲಿ ಇದೂ ನಿಮ್ಮ ತಪ್ಪೇ ಅಂತ ಹೇಗೆ ಹೇಳ್ಲಿ?... ಅಪ್ಪ ಹೇಗಿದಾರೆ?"

"ಎದ್ದು ಕೂತಿದಾರೆ. ನನ್ನ ಕ್ಷಮಿಸ್ತೀರಾ?"

"ಅನುಮಾನ ಪೂರ್ತಿ ಹೋಯ್ತಾ?"

"ಇಲ್ಲ! ಒಂದು ಉಳಿದಿದೆ." ಅವನ ಚೀಲದಿಂದ ಲೋಟ ತೆಗೆದು ಮೇಜಿನ ಮೇಲಿಟ್ಟಳು. "ದಿನಾ ಹತ್ತಕ್ಕೆ ನನ್ನ ಕಪಾಟಿನ ಹತ್ರ ಬರ್ತೀರಿ. ಸಸಿ ನೋಡೋಕಾ?"

ಅವನ ಕಿವಿ ಕೆಂಪಾಯಿತು.

"ಅಲ್ಲ."

"ಹಾಗಾದ್ರೆ ನಾಳೆಯಿಂದ ಒಂಬತ್ತಕ್ಕೇ ಬನ್ನಿ," ಎಂದಳು.