ಅಮ್ಮ ಬಿಟ್ಟುಹೋದ ಮಡಿ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ತುಂಬೆನಾಡು ಎಂಬ ರಾಜ್ಯವಿತ್ತು. ಅದರ ಮೇಲೆ ಒಂದು ದಿನ ಬೂದು ಮಂಜು ಇಳಿಯಿತು. ಆ ಮಂಜಿನಲ್ಲಿ ಯಾರ ಮೇಲೆ ಅನುಮಾನ ಬೀಳುತ್ತದೋ ಅವರು ಪಾದದಿಂದ ಮೇಲಕ್ಕೆ ಕಲ್ಲಾಗುತ್ತಿದ್ದರು. ಈ ಗುಟ್ಟು ಊರಿಗೆ ತಿಳಿದಿರಲಿಲ್ಲ. ಜನ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿದರು, ಬೀದಿ ತುಂಬ ಕಲ್ಲುಗಳು ನಿಂತವು.

ಅದೇ ಹೊತ್ತಿಗೆ ರಾಣಿ ಕಾಯಿಲೆ ಬಿದ್ದಳು. ಸಾಯುವಾಗ ಮಗ ಇಂದುಧರನ ಕೈಹಿಡಿದು, "ಮಗೂ, ಮಡಿ ಬಿಡಬೇಡ. ಮಡಿ ಉಳಿದರೆ ರಾಜ್ಯ ಉಳಿಯುತ್ತದೆ" ಎಂದಳು.

ರಾಜಗುರು ಧೂಮಕೇಶ ತಕ್ಷಣ ಅದರ ಅರ್ಥ ಹೇಳಿದ: "ಯಾರನ್ನೂ ಮುಟ್ಟಬಾರದು, ಯಾರ ಕೈಯಿಂದಲೂ ತಿನ್ನಬಾರದು." ಮಂಜು ತಂದ ಮಾಂತ್ರಿಕ ಇವನೇ. ಇಡೀ ರಾಜ್ಯದಲ್ಲಿ ಯಾರೂ ಅನುಮಾನಿಸದಿದ್ದದ್ದು ಇವನೊಬ್ಬನನ್ನೇ! ಒದ್ದೆ ಪಂಚೆ ಉಟ್ಟವನನ್ನು ಕಂಡರೆ ನಮ್ಮ ಜನಕ್ಕೆ ಅಷ್ಟು ಭಕ್ತಿ.

ಅಮ್ಮನಿಗೆ ಕೊನೆಯ ಗಂಜಿ ಕುಡಿಸಿದವಳು ಇಂದುಧರನ ತಂಗಿ ಮಂದಾರೆ. "ಗಂಜಿಯಲ್ಲಿ ಏನು ಬೆರೆಸಿದಳೋ" ಎಂದು ಗುರು ಇಂದುಧರನ ಕಿವಿಯಲ್ಲಿ ಹೇಳಿದ. ಇಂದುಧರ ಬಾಯಿಬಿಟ್ಟು ಏನೂ ಕೇಳಲಿಲ್ಲ, ಒಳಗೊಳಗೇ ಅನುಮಾನಪಟ್ಟ. ಅಮ್ಮನ ತೋಟದಲ್ಲಿದ್ದ ಮಂದಾರೆ ಅಲ್ಲೇ ಮಂಡಿಯವರೆಗೆ ಕಲ್ಲಾದಳು.

ಅವಳು ಕೂಗಿ ಕರೆದಳು. "ಅಣ್ಣಾ, ಇಲ್ಲಿ ನೋಡು! ಅಮ್ಮನ ಮೂರು ಮಡಿಗಳೂ ಒಣಗುತ್ತಿವೆ. ಸೊಪ್ಪಿನ ಮಡಿ, ಕುಂಬಳದ ಮಡಿ, ಅವರೆ ಮಡಿ. ಬಿಡಬೇಡ ಅಂದದ್ದು ಇವನ್ನೇ ಇರಬೇಕು."

ಇಂದುಧರ ತೋಟಕ್ಕೆ ಓಡಿಬಂದ. ಅಮ್ಮ ದಿನವೂ ಮಣ್ಣು ಮೆತ್ತಿದ ಕೈಯಲ್ಲೇ ಅವನ ಕೆನ್ನೆ ಸವರುತ್ತಿದ್ದಳು. ಯಾರನ್ನೂ ಮುಟ್ಟಬೇಡ ಎಂದು ಅವಳು ಹೇಳುವುದುಂಟೇ?

ಅವನು ಮೊದಲ ಮಡಿಗೆ ಮಂದಾರೆ ಕೊಟ್ಟ ದಂಟಿನ ಬೀಜ ಚೆಲ್ಲಿದ. ಎರಡು ದಿನ ಕಳೆದ ಮೇಲೆ ಬೇಲಿಯ ಮೇಲಿದ್ದ ಗೋಸುಂಬೆ ಮಾತಾಡಿತು. ಅದು ಗುರು ಸಾಕಿದ ಪ್ರಾಣಿ. "ಬೀಜ ಕೊಟ್ಟವಳು ತಂಗಿ ತಾನೆ? ಹುರಿದು ಕೊಟ್ಟಿದ್ದರೆ? ಕೆದಕಿ ನೋಡು." ಇಂದುಧರ ಕೆದಕಿದ. ಬೀಜಗಳು ಆಗಷ್ಟೇ ಬಾಯಿಬಿಟ್ಟಿದ್ದವು, ಬಿಸಿಲಿಗೆ ಸತ್ತವು. ಮಂದಾರೆ ಸೊಂಟದವರೆಗೆ ಕಲ್ಲಾದಳು.

ಎರಡನೆಯ ಮಡಿಯಲ್ಲಿ ಕುಂಬಳ ಹೂಬಿಟ್ಟಿತು. "ಕಾಯಿ ಕದಿಯಲು ತಂಗಿಯೇ ಜನರನ್ನು ಕರೆಯುತ್ತಾಳೆ" ಎಂದಿತು ಗೋಸುಂಬೆ. ಇಂದುಧರ ಬಳ್ಳಿಯ ಸುತ್ತಲೂ ಮೇಲೂ ಮುಳ್ಳು ಮುಚ್ಚಿ, ಚಾಪೆ ಹೊದಿಸಿದ. ಕಳ್ಳರೂ ಬರಲಿಲ್ಲ, ಜೇನೂ ಬರಲಿಲ್ಲ. ಹೂಗಳು ಉದುರಿದವು. ಮಂದಾರೆ ಕುತ್ತಿಗೆಯವರೆಗೆ ಕಲ್ಲಾದಳು.

ಮೂರನೆಯ ಮಡಿಗೆ ಉಳಿದದ್ದು ಒಂದು ಹಿಡಿ ಅವರೆ, ಅಷ್ಟೇ. ಅದನ್ನು ಊರಿದಾಗ ಅರಮನೆಯ ಬಾವಿ ಬತ್ತಿತು. ಕುಂಬಾರಗಿತ್ತಿ ಹೊನ್ನಿ ಕೊಡ ಹೊತ್ತು ಬೇಲಿಯ ಹತ್ತಿರ ನಿಂತಳು. "ಬುದ್ಧೀ, ನೀರು ತಂದಿವ್ನಿ. ಮಂದಾರವ್ವ ಕೂಗಿ ಯೋಳಿದ್ರು."

"ವಿಷದ ನೀರು!" ಎಂದಿತು ಗೋಸುಂಬೆ.

ಇಂದುಧರ ತಂಗಿಯ ಕಡೆ ತಿರುಗಿದ. ಕಲ್ಲಾಗದೆ ಉಳಿದದ್ದು ಮುಖ ಮಾತ್ರ. ಅವಳು ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. "ಅಣ್ಣಾ, ಅವರೆಗೆ ಬಾಯಾರಿದೆ" ಎಂದಳು.

ಅವನಿಗೆ ನಾಚಿಕೆಯಾಯಿತು, ಅಳು ಬಂತು. ಹೊನ್ನಿಯ ಕೈಯಿಂದ ಕೊಡ ಇಸಿದುಕೊಂಡು ಮೊದಲು ತಾನು ಒಂದು ಬೊಗಸೆ ಕುಡಿದ, ಉಳಿದದ್ದನ್ನು ಮಡಿಗೆ ಹೊಯ್ದ. ಆಮೇಲೆ ಕೆದಕುವ ಆಸೆ ತಡೆಯಲು ಎರಡೂ ಕೈಗಳ ಮೇಲೆ ಕುಳಿತುಬಿಟ್ಟ! ಹೊನ್ನಿ ದಿನವೂ ನೀರು ತಂದಳು. ಅವನು ಬೇಲಿಯ ಬಾಗಿಲು ಹಾಕಲಿಲ್ಲ, ತಂಗಿಯನ್ನು ಪ್ರಶ್ನೆ ಕೇಳಲಿಲ್ಲ.

ಒಂದು ಬೆಳಿಗ್ಗೆ ಮಣ್ಣು ಬಿರಿದು ಮೊಳಕೆಗಳು ತಲೆಯೆತ್ತಿದವು. ಮಂದಾರೆಯ ಬೆರಳು ಅಲುಗಿತು.

ಧೂಮಕೇಶ ಓಡಿಬಂದ. "ಮಡಿ ಕೆಟ್ಟಿತು!" ಎಂದು ಅರಚಿದ. ಮೊಳಕೆ ಕಂಡು ಗೋಸುಂಬೆಯತ್ತ ತಿರುಗಿದ. "ನನ್ನ ಗುಟ್ಟು ಇವನಿಗೆ ನೀನೇ ಹೇಳಿದೆಯಾ?"

ಗೋಸುಂಬೆ ಬಣ್ಣ ಬದಲಿಸಿತು. "ನನ್ನ ತಲೆಗೆ ಕಟ್ಟಲು ನೀನೇ ಹೇಳಿ ಬಂದಿರಬೇಕು!"

ಒಬ್ಬರ ಅನುಮಾನ ಇನ್ನೊಬ್ಬರ ಮೇಲೆ ಬಿತ್ತು. ಇಬ್ಬರೂ ನಿಂತಲ್ಲೇ ಕಲ್ಲಾದರು.

ಮಂಜು ಕರಗಿತು. ಬೀದಿಯ ಕಲ್ಲುಗಳು ಆಕಳಿಸುತ್ತ ಮೈಮುರಿದು ಎದ್ದವು. ಆ ವರ್ಷ ತುಂಬೆನಾಡಿನವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು, ಮಂದಾರೆಯ ಕೈಯಿಂದಲೇ ಅವರೆಕಾಳಿನ ಸಾರು ಬಡಿಸಿಕೊಂಡು ಉಂಡರು. ಮೊದಲ ತುತ್ತು ತಿಂದವನು ಇಂದುಧರ. ಅಮ್ಮನ ಮಡಿಯ ಪಕ್ಕದಲ್ಲಿ ಒಬ್ಬರನ್ನೊಬ್ಬರು ಅನುಮಾನಿಸುತ್ತ ಈಗಲೂ ಎರಡು ಕಲ್ಲುಗಳಿವೆಯಂತೆ, ಅವರೆ ಬಳ್ಳಿ ಹಬ್ಬಲು ಅವು ಚೆನ್ನಾಗಿ ಒದಗುತ್ತವೆ.